ಗಾಡಿ ದುಡ್ಡು

ತಿಮ್ಮಲಗುಡ್ಡದ ಬೈಪಾಸಿನಲ್ಲಿ ಟೈರ್ ಅಂಗಡಿ ಇಟ್ಟಿದ್ದ ಗಂಗಾಂಬಿಕಾ ಪುರಸಭೆ ಚುನಾವಣೆಗೆ ನಿಂತದ್ದು ಸ್ವಂತ ಆಸೆಯಿಂದಲ್ಲ. ನಿಲ್ಲಬೇಕೆಂದು ವರ್ಷಗಟ್ಟಲೆ ಓಡಾಡಿದವನು ಅವಳ ಮೈದುನ ಬಸವಕುಮಾರ್. ನೋಡಿದರೆ ಆ ಸಲ ಅವನ ವಾರ್ಡು ಮಹಿಳೆಗೆ ಮೀಸಲಾಯಿತು. ಹೆಂಡತಿ ದೇವಿಕಾಳನ್ನು ನಿಲ್ಲಿಸೋಣವೆಂದರೆ ಆಕೆ ತುಂಬಿದ ಬಸುರಿ, ಬಾಣಂತನಕ್ಕೆ ತವರಿಗೆ ಹೊರಟಿದ್ದಳು. ಮನೆಯಲ್ಲಿ ಉಳಿದದ್ದು ಗಂಡನನ್ನು ಕಳೆದುಕೊಂಡ ಅತ್ತಿಗೆ.

"ನೀವು ಸಹಿ ಮಾಡಿದ್ರ ಸಾಕು ಅತ್ತಿಗೆಮ್ಮ. ಓಡಾಟ ಎಲ್ಲಾ ನಂದು," ಎಂದ ಬಸವಕುಮಾರ್.

ಗಂಡ ಚನ್ನಯ್ಯ ಹೋದ ಮೇಲೆ ಅಂಗಡಿಯನ್ನು ಕೈಗೆತ್ತಿಕೊಂಡವಳು ಆಕೆಯೇ. ಸಂಡೂರಿನ ಕಡೆಯಿಂದ ಅದಿರು ತುಂಬಿಕೊಂಡು ಬರುವ ಲಾರಿಗಳು ಅಂಗಡಿಯ ಮುಂದೆ ನಿಂತರೆ, ಕೆಂಪು ಧೂಳಿನಲ್ಲಿ ಸೀರೆಯ ಬಣ್ಣ ಯಾವುದೆಂದು ತಿಳಿಯುತ್ತಿರಲಿಲ್ಲ. ಚಾಲಕರು ಮೊದಮೊದಲು ಗಂಡಸರು ಯಾರಾದರೂ ಇದ್ದಾರೆಯೇ ಎಂದು ಒಳಗೆ ಇಣುಕಿ ನೋಡುತ್ತಿದ್ದರು. ಆಮೇಲೆ ಅವಳನ್ನೇ ಕೇಳತೊಡಗಿದರು. ಅಂಗಡಿ ಅಣ್ಣತಮ್ಮಂದಿರಿಬ್ಬರ ಹೆಸರಿನಲ್ಲಿತ್ತು. ಚನ್ನಯ್ಯನ ಪಾಲು ಗಂಗಾಂಬಿಕಾಳ ಹೆಸರಿಗೆ ಬಂದಿತ್ತು. ಮನೆ ಒಂದೇ, ಒಲೆಯೂ ಒಂದೇ.

ಅವಳು ಗೆದ್ದಳು. ಅಧ್ಯಕ್ಷ ಸ್ಥಾನವೂ ಮೊದಲ ಅವಧಿಗೆ ಮಹಿಳೆಗೇ ಬಂತು. ಗೆದ್ದ ಹೆಂಗಸರಲ್ಲಿ ಎರಡು ಗುಂಪಾಗಿ, ಒಂದು ಗುಂಪು ಇನ್ನೊಂದಕ್ಕೆ ಬಿಟ್ಟುಕೊಡದೆ, ಕೊನೆಗೆ ಯಾರ ಕಡೆಯವಳೂ ಅಲ್ಲದ ಇವಳಿಗೆ ಅದು ಒಲಿಯಿತು. ಅಧಿಕಾರ ವಹಿಸಿಕೊಳ್ಳುವ ದಿನ ಬಸವಕುಮಾರ್ ಬಿಳಿ ಅಂಗಿ ತೊಟ್ಟು ಬಂದು, ಅಧ್ಯಕ್ಷರ ಕುರ್ಚಿಯ ಪಕ್ಕದಲ್ಲೇ ಇನ್ನೊಂದು ಕುರ್ಚಿ ಹಾಕಿಸಿ ಕೂತ. ಹಾರ ತುರಾಯಿ ಮುಗಿದು ಜನ ಕರಗುವವರೆಗೂ ಗಂಗಾಂಬಿಕಾ ಸುಮ್ಮನಿದ್ದಳು. ಮರುದಿನ ಅವನು ಬರುವ ಮೊದಲೇ ಬಂದು ಜವಾನನನ್ನು ಕರೆದಳು.

"ಈ ಕುರ್ಚಿ ಹೊರಗ ಇಡಪ್ಪ. ಕೆಲ್ಸಕ್ಕ ಬಂದೋರು ಕುಂದ್ರತಾರ."

ಮೈದುನ ಬಂದು ನೋಡಿ, ಬಾಗಿಲಿನಿಂದಲೇ ತಿರುಗಿ ಹೋದ. ಅಂದಿನಿಂದ ಅವನು ಅವಳ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟ.

ಆಕೆ ಅಧ್ಯಕ್ಷೆಯಾದ ಕೆಲವೇ ತಿಂಗಳಲ್ಲಿ ಹಂಪಮ್ಮ ಸತ್ತಳು. ಹಂಪಮ್ಮ ಪೌರಕಾರ್ಮಿಕೆ. ಸಂತೆ ಮೈದಾನದ ಹಿಂದಿನ ಏರಿನಲ್ಲಿ ಪುರಸಭೆಯ ಟ್ರ್ಯಾಕ್ಟರ್ ಕಸ ಹೇರಿಕೊಂಡು ಹತ್ತುತ್ತಿತ್ತು. ಟ್ರೇಲರಿನ ಕೊಂಡಿ ಕಳಚಿ, ಟ್ರೇಲರ್ ಒಂದೇ ಹಿಂದಕ್ಕೆ ಉರುಳಿತು. ಬುಟ್ಟಿ ಹಿಡಿದು ಹಿಂದೆ ನಡೆದು ಬರುತ್ತಿದ್ದ ಹಂಪಮ್ಮ ಕಾಂಪೌಂಡ್ ಗೋಡೆಗೂ ಟ್ರೇಲರಿಗೂ ನಡುವೆ ಸಿಕ್ಕಿಕೊಂಡಳು. ಬಳ್ಳಾರಿಗೆ ಒಯ್ಯುವ ದಾರಿಯಲ್ಲೇ ಜೀವ ಹೋಯಿತು.

ಟ್ರ್ಯಾಕ್ಟರ್ ಓಡಿಸುತ್ತಿದ್ದ ಉಚ್ಚೆಂಗೆಪ್ಪನನ್ನು ನಿರ್ಲಕ್ಷ್ಯದ ಹೆಸರಿನಲ್ಲಿ ಅಮಾನತು ಮಾಡಿದರು. ಗಂಗಾಂಬಿಕಾ ಹಂಪಮ್ಮನ ಮನೆಗೆ ಹೋಗಿ, ಅಲ್ಲಿಂದ ಅವನ ಮನೆಗೂ ಹೋದಳು. ಅವನು ಹೊಸ್ತಿಲಲ್ಲಿ ಕೂತು ಅಳುತ್ತಿದ್ದ.

"ಅವ್ವಾರ, ಕೊಂಡಿ ಸವದೈತಿ, ಬ್ರೇಕ್ ಹಿಡಿಯವಲ್ದು ಅಂತ ಎಷ್ಟ್ ಸಲ ಹೇಳೀನಿ. ವೆಲ್ಡಿಂಗ್ ಹಚ್ಚಿಸ್ಕೊಂಡು ಬಾ ಅಂತಾರ. ಎಷ್ಟಂತ ಹಚ್ಚಲಿ? ಕಬ್ಬಿಣಾನ ಉಳಿದಿಲ್ಲ ಅದರಾಗ."

ಆಗಿನ ಮುಖ್ಯಾಧಿಕಾರಿ ಮಧ್ವೇಶ ಹೊಸಪೇಟೆಯವರು, ಮೆತ್ತನೆಯ ಮನುಷ್ಯ. ಅಷ್ಟು ಹಳೆಯ ಟ್ರ್ಯಾಕ್ಟರನ್ನು ಯಾಕೆ ಬದಲಿಸಲಿಲ್ಲವೆಂದು ಗಂಗಾಂಬಿಕಾ ಕೇಳಿದಾಗ ಅವರು ಮುಚ್ಚಿಡದೆ ಹೇಳಿದರು.

"ಮೇಡಂ, ನಮ್ಮ ಬಜೆಟ್‌ನ್ಯಾಗ ರಿಪೇರಿಗೆ ಅಂತ ರೊಕ್ಕ ಇರ್ತದರಿ. ಹೊಸದು ತಗೊಳ್ಳಾಕ ಅಂತ ಇರಂಗಿಲ್ಲ. ಸರ್ಕಾರದಿಂದ ಅನುದಾನ ಬಂದ ವರ್ಷ ತಗೋತೀವಿ. ಬರದ ವರ್ಷ ರಿಪೇರಿ ಮಾಡಿಸ್ತೀವಿ. ಗಾಡಿ ಬೆಲಿಗಿಂತ ರಿಪೇರಿಗೇ ಜಾಸ್ತಿ ಹೋಗೇತಿ, ಆದ್ರ ಅದನ್ನ ಯಾರೂ ಒಂದ್ ಕಡೆ ಕೂಡ್ಸಿ ನೋಡಂಗಿಲ್ಲ."

ಗಂಗಾಂಬಿಕಾ ಟೈರ್ ಮಾರುತ್ತ ಬಹಳ ಲಾರಿ ಮಾಲೀಕರನ್ನು ಕಂಡಿದ್ದಳು. ಮರಿಯಮ್ಮನಹಳ್ಳಿಯ ಕೆಲವರು ಪ್ರತಿ ಟ್ರಿಪ್ಪಿನ ದುಡಿಮೆಯಲ್ಲಿ ಟೈರಿಗೆಂದು, ಇಂಜಿನ್ನಿಗೆಂದು ಬೇರೆ ತೆಗೆದಿಡುತ್ತಿದ್ದರು. ಬಂದದ್ದನ್ನೆಲ್ಲ ತಿಂದವರ ಲಾರಿಗಳನ್ನು ಫೈನಾನ್ಸಿನವರು ಎಳೆದೊಯ್ಯುತ್ತಿದ್ದರು. ಒಂದು ಲಾರಿ ಇಟ್ಟವನಿಗೆ ಗೊತ್ತಿರುವ ಈ ಮಾತು ಒಂದು ಊರಿಗೆ ಯಾಕೆ ಗೊತ್ತಿಲ್ಲ ಎಂಬುದು ಅವಳಿಗೆ ಅರ್ಥವಾಗಲಿಲ್ಲ.

ಅವಳೂ ಮಧ್ವೇಶರೂ ಕಚೇರಿಯ ಹಿಂದಿನ ಶೆಡ್ಡಿಗೆ ಹೋಗಿ ಒಂದೊಂದೇ ಗಾಡಿಯನ್ನು ಸುತ್ತಿ ನೋಡಿದರು. ಕಸದ ಟಿಪ್ಪರ್, ನೀರಿನ ಟ್ಯಾಂಕರ್, ಗುಂಡಿ ಖಾಲಿ ಮಾಡುವ ಸಕ್ಕಿಂಗ್ ಮಷಿನ್, ಹೆಣ ಸಾಗಿಸುವ ವ್ಯಾನ್. ಇದು ಇನ್ನೆಷ್ಟು ವರ್ಷ ಓಡುತ್ತದೆ, ಆಗ ಹೊಸದಕ್ಕೆ ಬೆಲೆ ಎಷ್ಟಾಗಬಹುದು, ಅದಕ್ಕೆ ಈಗಿನಿಂದ ತಿಂಗಳಿಗೆ ಎಷ್ಟು ತೆಗೆದಿಟ್ಟರೆ ಸಾಲ ಮಾಡದೆ, ಯಾರ ಮುಂದೂ ಕೈ ಚಾಚದೆ ಕೊಳ್ಳಬಹುದು ಎಂದು ಲೆಕ್ಕ ಹಾಕಿದರು. ಪುರಸಭೆ ಮಳಿಗೆಗಳ ಬಾಡಿಗೆಯಲ್ಲೂ ಮನೆ ಕಂದಾಯದಲ್ಲೂ ಒಂದು ಪಾಲನ್ನು ಪ್ರತಿ ತಿಂಗಳೂ ಬೇರೆ ಖಾತೆಗೆ ಹಾಕಬೇಕು, ಗಾಡಿ ಕೊಳ್ಳುವುದಕ್ಕಲ್ಲದೆ ಬೇರೆ ಯಾವುದಕ್ಕೂ ಅದನ್ನು ಮುಟ್ಟಬಾರದು ಎಂಬ ಠರಾವು ಸಿದ್ಧವಾಯಿತು. ಕಾಗದದ ಮೇಲೆ ಅದಕ್ಕೆ ಉದ್ದನೆಯ ಹೆಸರಿತ್ತು. ಊರು ಮಾತ್ರ ಅದನ್ನು ಗಾಡಿ ದುಡ್ಡು ಎಂದೇ ಕರೆಯಿತು.

ಸಭೆಯಲ್ಲಿ ಎದ್ದು ನಿಂತವರು ರೇವಣಸಿದ್ದ. ಹಳೆಯ ಸದಸ್ಯರು, ಅಕ್ಕಿ ಗಿರಣಿ ಇದ್ದವರು. ಮುಂದಿನ ಅವಧಿಗೆ ಅಧ್ಯಕ್ಷರಾಗುವ ಲೆಕ್ಕದಲ್ಲಿದ್ದರು.

"ಗಂಗಾಂಬಿಕಮ್ಮಾರ, ಜನ ಕೇಳೋದು ರಸ್ತೆ, ಗಟಾರ, ಲೈಟು. ಬ್ಯಾಂಕಿನ್ಯಾಗ ಇಟ್ಟ ರೊಕ್ಕ ಯಾರ ಕಣ್ಣಿಗೆ ಕಾಣ್ತೈತ್ರಿ? ಅದಕ್ಕ ಯಾರು ವೋಟ್ ಹಾಕ್ತಾರ?"

"ಹಂಪಮ್ಮನ ಹೆಣ ಎಲ್ಲಾರ ಕಣ್ಣಿಗೂ ಕಂಡೈತಲ್ರಿ," ಎಂದಳು ಗಂಗಾಂಬಿಕಾ.

ಆ ದಿನ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕಚೇರಿಯ ಅಂಗಳದಲ್ಲಿ ಕೂತಿದ್ದರು. ಅವರನ್ನು ದಾಟಿಕೊಂಡೇ ಎಲ್ಲರೂ ಮನೆಗೆ ಹೋಗಬೇಕಿತ್ತು. ಠರಾವು ಪಾಸಾಯಿತು.

ಅದಕ್ಕೆ ಆಕೆ ತೆತ್ತದ್ದು ಕಡಿಮೆಯಲ್ಲ. ಅಧ್ಯಕ್ಷೆಯ ವಾರ್ಡಿನ ಹೆಬ್ಬಾಗಿಲಿಗೆ ದೊಡ್ಡ ಸ್ವಾಗತ ಕಮಾನು ಬರುತ್ತದೆಂದು ಓಣಿಯವರು ಕಾದಿದ್ದರು, ಅದು ಬರಲಿಲ್ಲ. ಪುರಸಭೆಗೆ ಟೈರ್ ಮಾರುವುದನ್ನು ಆಕೆ ಗೆದ್ದ ದಿನವೇ ನಿಲ್ಲಿಸಿದ್ದಳು. ಅಂಗಡಿಗೆ ಅದು ಒಳ್ಳೆಯ ಗಿರಾಕಿಯಾಗಿತ್ತು. ಬಸವಕುಮಾರ್ ಮನೆಯಲ್ಲಿ ತಟ್ಟೆ ಕುಕ್ಕಿ ಹೇಳಿದ, "ಊರಾಗ ಎಲ್ಲಾರೂ ಗೆದ್ದು ಮನಿ ಕಟ್ಟಸ್ತಾರ. ನಾವು ಗೆದ್ದು ಇದ್ದ ವ್ಯಾಪಾರ ಕಳಕೊಂಡ್ವಿ."

ಆದರೂ ಆ ಅವಧಿಯಲ್ಲಿ ಹೊಸ ಟ್ರ್ಯಾಕ್ಟರ್ ಬಂತು. ಹಿಂದೆಯೇ ಎರಡು ಟಿಪ್ಪರ್ ಬಂದವು. ಯಾವ ಶಾಸಕರ ಕಾಲಿಗೂ ಬೀಳದೆ, ಯಾವ ಅನುದಾನಕ್ಕೂ ಕಾಯದೆ, ಊರಿನ ಕಂದಾಯದಲ್ಲೇ ಬಂದವು. ಪೌರಕಾರ್ಮಿಕ ಹೆಂಗಸರು ಟ್ರ್ಯಾಕ್ಟರಿಗೆ ಅರಿಶಿನ ಕುಂಕುಮ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ವಿಚಾರಣೆ ಮುಗಿದು ಕೆಲಸಕ್ಕೆ ಮರಳಿದ್ದ ಉಚ್ಚೆಂಗೆಪ್ಪ ಅದನ್ನು ಸಂತೆ ಮೈದಾನದ ಏರಿನಲ್ಲಿ ಹತ್ತಿಸಿ, ಮಧ್ಯದಲ್ಲಿ ಬ್ರೇಕ್ ಒತ್ತಿ ನಿಲ್ಲಿಸಿ ನೋಡಿದ. ನಿಂತಿತು. ಅವನು ಕೆಳಗಿಳಿದು ಗಂಗಾಂಬಿಕಾಳ ಕಾಲು ಮುಟ್ಟಲು ಬಂದ. ಆಕೆ ಹಿಂದೆ ಸರಿದಳು. ತನ್ನ ಬಾಳಿನಲ್ಲಿ ಅಷ್ಟು ಸಂತೋಷವಾದ ದಿನ ಬೇರೊಂದಿಲ್ಲ ಎಂದು ಆಕೆ ಆಮೇಲೂ ಹೇಳುತ್ತಿದ್ದಳು. ಖಾತೆಯಲ್ಲಿ ಸಕ್ಕಿಂಗ್ ಮಷಿನ್‌ಗೆ, ಟ್ಯಾಂಕರ್‌ಗೆ ದುಡ್ಡು ಸೇರುತ್ತಲೇ ಇತ್ತು.

ಅವಳ ಅವಧಿ ಮುಗಿದು ರೇವಣಸಿದ್ದ ಅಧ್ಯಕ್ಷರಾದರು. ಅದೇ ಹೊತ್ತಿಗೆ ಮಧ್ವೇಶರಿಗೆ ವರ್ಗವಾಯಿತು. ಹೊಸ ಅಧ್ಯಕ್ಷರು ಮೊದಲು ಕೇಳಿದ್ದೇ ಆ ಖಾತೆಯಲ್ಲಿ ಎಷ್ಟಿದೆ ಎಂದು. ಇಷ್ಟು ದೊಡ್ಡ ಮೊತ್ತ ಪುರಸಭೆಯ ಕೈಯಲ್ಲಿ ಹಿಂದೆಂದೂ ಇರಲಿಲ್ಲ. ಯಾರೂ ಕೂಡಿಡದಿದ್ದಾಗ ಯಾರಿಗೂ ಆಸೆ ಹುಟ್ಟಿರಲಿಲ್ಲ.

ಮುಂದಿನ ಸಭೆಯಲ್ಲಿ ರೇವಣಸಿದ್ದ ಶಾಂತವಾಗಿಯೇ ಮಾತಾಡಿದರು. "ಗಾಡಿ ತಗೊಂಡ್ರ ಡ್ರೈವರ್ ನಮ್ದು, ಇನ್ಶೂರೆನ್ಸ್ ನಮ್ದು, ರಿಪೇರಿ ನಮ್ದು. ಬಾಡಿಗಿಗೆ ತಗೊಂಡ್ರ ಎಲ್ಲಾ ಗುತ್ತಿಗೆದಾರಂದು. ನಮಗ ತಲಿನೋವೇ ಇಲ್ಲ. ರೊಕ್ಕ ಬ್ಯಾಂಕಿನ್ಯಾಗ ಸುಮ್ನ ಕೊಳೀತೈತಿ. ಅದರಾಗ ಬಾಡಿಗಿ ಕೊಡೋಣು."

ಈಗ ಬರೀ ಸದಸ್ಯೆಯಾಗಿದ್ದ ಗಂಗಾಂಬಿಕಾ ಎದ್ದಳು. "ಅದು ಗಾಡಿ ಕೊಳ್ಳಾಕ ಇಟ್ಟ ರೊಕ್ಕ. ಬಾಡಿಗಿಗೆ ಹಾಕಿದ್ರ ಎರಡು ವರ್ಷಕ್ಕ ತೀರ್ತೈತಿ. ಆಮ್ಯಾಲ ರೊಕ್ಕಾನೂ ಇಲ್ಲ, ಗಾಡೀನೂ ಇಲ್ಲ. ಆವಾಗ ಏನ್ ಮಾಡ್ತೀರಿ?"

"ಆವಾಗಿಂದು ಆವಾಗ ನೋಡೋಣ್ರಿ," ಎಂದರು ಯಾರೋ ಹಿಂದಿನಿಂದ. ಕೈ ಎತ್ತಿಸಿದರು. ಅವಳ ಕಡೆ ಎದ್ದ ಕೈಗಳು ಅವಳಿಗೇ ನಾಚಿಕೆಯಾಗುವಷ್ಟು ಕಡಿಮೆ. ಅಂದು ಅಂಗಳದಲ್ಲಿ ಯಾರೂ ಕೂತಿರಲಿಲ್ಲ.

ಟೆಂಡರ್ ಆಯಿತು. ಒಂದು ದಿನ ಮಧ್ಯಾಹ್ನ ಅಂಗಡಿಯ ಮುಂದೆ ಹೊಸ ಟಿಪ್ಪರ್‌ಗಳು ಸಾಲಾಗಿ ಬಂದು ನಿಂತವು. ಚಕ್ರಕ್ಕೆ ಗಾಳಿ ತುಂಬಿಸಿ, ಸ್ಟೆಪ್ನಿ ಟೈರ್ ಹಾಕಿಸಿಕೊಂಡು ಹೋಗಲು ಬಂದಿದ್ದವು. ಬಾಗಿಲ ಮೇಲೆ "ಪುರಸಭೆ ಸೇವೆಗಾಗಿ" ಎಂದು ಬರೆದಿತ್ತು. ಬಿಲ್ ಯಾರ ಹೆಸರಿಗೆ ಎಂದು ಗಂಗಾಂಬಿಕಾ ಕೇಳಿದಳು.

"ಬಸಣ್ಣಾರ ಗಾಡಿ ಅಲ್ರಿ ಇವು," ಎಂದ ಚಾಲಕ ಆಶ್ಚರ್ಯದಿಂದ. "ಖಾತಿಗೆ ಬರಕೋರಿ. ಅಕ್ಕಾರ ಹೆಸರಿಗೆ, ದೇವಿಕಕ್ಕಾರ ಹೆಸರಿಗೆ."

ಆಕೆ ಅಂಗಡಿಯ ಕದ ಎಳೆದು ಮನೆಗೆ ನಡೆದಳು. ಬಸವಕುಮಾರ್ ಊಟಕ್ಕೆ ಕೂತಿದ್ದ. ದೇವಿಕಾ ರೊಟ್ಟಿ ಬಡಿಸುತ್ತಿದ್ದಳು.

"ಬಸು, ಆ ಟಿಪ್ಪರ್ ನಿಂದೇನು?"

"ಹೌದು ಅತ್ತಿಗೆಮ್ಮ."

"ನಂಗ ಹೇಳ್ಲಿಲ್ಲ."

"ಹೇಳಿದ್ರ ಬ್ಯಾಡ ಅಂತಿದ್ರಿ." ಅವನು ಅವಳತ್ತ ನೋಡದೆ ರೊಟ್ಟಿ ಮುರಿದ. "ಕಳುವು ಮಾಡಿಲ್ಲ. ಟೆಂಡರ್ ಹಾಕೇವಿ. ಕಡಿಮಿ ರೇಟು ನಮ್ದೇ ಇತ್ತು. ಯಾರಿಗೋ ಹೋಗೋ ರೊಕ್ಕ ನಮ್ಮ ಮನಿಗೆ ಬಂತು. ನೀವು ಅಷ್ಟು ಕೂಡಿಟ್ಟಿದ್ದು ಚಲೋನ ಆತು. ಇಲ್ಲಾಂದ್ರ ಪುರಸಭ್ಯಾಗ ಬಾಡಿಗಿ ಕೊಡಾಕ ಎಲ್ಲಿತ್ತು?"

ಗಂಗಾಂಬಿಕಾ ದೇವಿಕಾಳ ಮುಖ ನೋಡಿದಳು. ದೇವಿಕಾ ಒಳಗೆ ಹೋದಳು.

ಜಿಲ್ಲಾಧಿಕಾರಿಗೆ ಅರ್ಜಿ ಕೊಡುವುದಾಗಿ ಆಕೆ ಮರುದಿನ ಪುರಸಭೆಯಲ್ಲೇ ಹೇಳಿದಳು. ರೇವಣಸಿದ್ದ ಅವಳನ್ನು ಕೋಣೆಗೆ ಕರೆದು, ಚಹಾ ತರಿಸಿ, ತಂಗಿಗೆ ಬುದ್ಧಿ ಹೇಳುವ ಹಾಗೆ ಹೇಳಿದರು.

"ಕೊಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಗುತ್ತಿಗಿ ಕಾಗದದಾಗ ವಿಳಾಸ ನಿಮ್ಮ ಅಂಗಡಿದೈತಿ. ಅಂಗಡ್ಯಾಗ ನಿಮ್ಮ ಪಾಲೈತಿ. ಸದಸ್ಯರಿಗೆ ಪುರಸಭೆ ಗುತ್ತಿಗ್ಯಾಗ ಪಾಲಿರಬಾರ್ದು ಅಂತ ಕಾನೂನೈತಿ. ವಿಚಾರಣಿ ಆದ್ರ ಮೊದಲು ಹೋಗೋದು ನಿಮ್ಮ ಮೆಂಬರ್‌ಗಿರಿ. ವಿಚಾರ ಮಾಡ್ರಿ."

ಮೈದುನ ಆ ವಿಳಾಸವನ್ನು ತಿಳಿಯದೆ ಬರೆದನೋ, ಯಾರೋ ಹೇಳಿ ಬರೆಸಿದರೋ ಅವಳಿಗೆ ಗೊತ್ತಾಗಲಿಲ್ಲ. ವಿಚಾರ ಮಾಡಿದಳು. ಸುಮ್ಮನಿದ್ದರೆ ಅದರಲ್ಲಿ ತಾನೂ ಪಾಲುದಾರಳು. ಮಾತಾಡಿದರೂ ಕಾಗದದ ಪ್ರಕಾರ ತಾನೇ ಪಾಲುದಾರಳು. ಕೊನೆಗೆ ಬಸ್ ಹತ್ತಿ ಹೊಸಪೇಟೆಗೆ ಹೋಗಿ ಅರ್ಜಿ ಕೊಟ್ಟು ಬಂದಳು.

ಊರಿಗೆ ಅರ್ಜಿಯ ಸುದ್ದಿ ಮುಟ್ಟುವ ಮೊದಲೇ ಟಿಪ್ಪರ್‌ಗಳ ಸುದ್ದಿ ಮುಟ್ಟಿತ್ತು. ಹೋಟೆಲಿನಲ್ಲಿ, ಕಿರಾಣಿ ಅಂಗಡಿಯಲ್ಲಿ, ಹಾಲಿನ ಡೇರಿಯ ಸಾಲಿನಲ್ಲಿ ಒಂದೇ ಮಾತು: "ಅದಕ್ಕ ಅಷ್ಟು ಜ್ವಾಕಿಲೆ ಕೂಡಿಟ್ಟಾಳ ನೋಡು. ಮೊದಲು ಕೂಡಿಟ್ಲು, ಈಗ ಮನಿಗೆ ತಗೊಂಡ್ಲು." ಅರ್ಜಿ ಕೊಟ್ಟಳಂತೆ ಎಂದು ಯಾರಾದರೂ ಅಂದರೆ, "ಮೈದನಗ ಪಾಲು ಹಂಚೋದ್ರಾಗ ಜಗಳ ಬಂದಿರ್ಬೇಕು" ಎಂಬ ಉತ್ತರ ಸಿದ್ಧವಾಗಿತ್ತು. ಅದು ನಂಬುವಂತೆಯೂ ಇತ್ತು. ಬರೀ ಊರಿಗಾಗಿ ಕೂಡಿಟ್ಟಳು ಎಂಬುದಕ್ಕಿಂತ ಸುಲಭವಾಗಿ ನಂಬಬಹುದಾಗಿತ್ತು.

ಅದನ್ನೆಲ್ಲ ಆಕೆ ತಡೆದುಕೊಂಡಳು. ಆದರೆ ಒಂದು ದಿನ ಕಚೇರಿಯ ಗೇಟಿನಲ್ಲಿ ಉಚ್ಚೆಂಗೆಪ್ಪ ಸಿಕ್ಕ. ಬಾಡಿಗೆ ಗಾಡಿ ಬಂದ ಮೇಲೆ ಪುರಸಭೆಯ ಸ್ವಂತ ಟ್ರ್ಯಾಕ್ಟರಿಗೂ ಎರಡು ಟಿಪ್ಪರಿಗೂ ಡೀಸೆಲ್ ಹಾಕಿಸುವುದನ್ನು ನಿಲ್ಲಿಸಿ, ಅವನನ್ನು ಗೇಟಿಗೆ ಕೂರಿಸಿದ್ದರು. ಅವನು ಎದ್ದು ನಿಲ್ಲಲಿಲ್ಲ.

"ನಿಮ್ಮ ಮನಿ ಗಾಡಿ ಬಂದುವು ಅಂತ ನಮ್ಮ ಗಾಡಿ ನಿಲ್ಸ್ಯಾರ. ನಿಲ್ಲಿಸ್ರಿ, ನಿಮ್ಮ ಇಷ್ಟ. ನಂಗರ ಒಂದ್ ಮಾತು ಮೊದಲೇ ಹೇಳಬೌದಿತ್ತಲ್ರಿ ಅವ್ವಾರ."

"ಉಚ್ಚೆಂಗೆಪ್ಪ, ನಾ ಅಲ್ಲ..." ಎಂದು ಶುರು ಮಾಡಿದಳು ಆಕೆ. ಅವನು ಬೇರೆ ಕಡೆ ಮುಖ ತಿರುಗಿಸಿದ. ಗಂಡ ಸತ್ತಾಗಲೂ ನಾಲ್ಕು ಜನರ ಮುಂದೆ ಅಳದವಳು ಅಂದು ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ವಿಚಾರಣೆ ನಡೆಯಿತು. ಬಂದ ಅಧಿಕಾರಿ ಕಾಗದಗಳನ್ನು ಸರಿಯಾಗಿಯೇ ಓದಿದರು. ನಿಧಿಯನ್ನು ಬಾಡಿಗೆಗೆ ಬಳಸಿದ್ದು ಸಭೆಯ ಬಹುಮತದ ತೀರ್ಮಾನ, ಅದರಲ್ಲಿ ಕೈ ಹಾಕಲು ಬರುವುದಿಲ್ಲ ಎಂದರು. ಆದರೆ ಸದಸ್ಯೆಯ ಪಾಲಿರುವ ಅಂಗಡಿಯ ವಿಳಾಸದಲ್ಲಿ ಗುತ್ತಿಗೆ ಪಡೆದದ್ದು ತಪ್ಪು. ಹಾಗಾಗಿ ದೇವಿಕಾಳ ಹೆಸರಿನ ಗುತ್ತಿಗೆ ರದ್ದಾಯಿತು, ಗಂಗಾಂಬಿಕಾಳ ಸದಸ್ಯತ್ವವೂ ಹೋಯಿತು. ಇಡೀ ಅರ್ಜಿಯಿಂದ ಶಿಕ್ಷೆಯಾದದ್ದು ಅರ್ಜಿ ಕೊಟ್ಟವಳೊಬ್ಬಳಿಗೇ. ತಿಂಗಳೊಪ್ಪತ್ತಿನಲ್ಲಿ ಹೊಸ ಟೆಂಡರ್ ಆಗಿ ಗುತ್ತಿಗೆ ದೇವಿಕಾಳ ಅಣ್ಣನ ಹೆಸರಿಗೆ ಬಂತು. ಅವೇ ಟಿಪ್ಪರ್‌ಗಳು, ಅವೇ ಚಾಲಕರು.

ಗಂಗಾಂಬಿಕಾ ತನ್ನ ಪಾಲು ಕೇಳಿದಳು. ಹಿರಿಯರು ಕೂತರು. ಬಸವಕುಮಾರ್ ಜಗಳವಾಡಲಿಲ್ಲ, ಅವಳ ಪಾಲಿಗೆ ಸಲ್ಲಬೇಕಾದದ್ದನ್ನು ಕೊಟ್ಟ. "ಅತ್ತಿಗೆಮ್ಮ, ನೀವಾಗಿ ಹೊಂಟೀರಿ. ನಾ ಹೊರಗ ಹಾಕಿದೆ ಅಂತ ನಾಳೆ ಅನ್ನಬ್ಯಾಡ್ರಿ," ಎಂದಷ್ಟೇ ಹೇಳಿದ. ಊರಾಚೆ ಹೊಸಪೇಟೆ ರಸ್ತೆಯಲ್ಲಿ ತಗಡಿನ ಶೆಡ್ ಬಾಡಿಗೆಗೆ ಹಿಡಿದು ಆಕೆ ಮತ್ತೆ ಟೈರ್ ಅಂಗಡಿ ತೆರೆದಳು. ಅದರ ಹಿಂದೆಯೇ ಒಂದು ಕೋಣೆಯ ಮನೆ.

ಗಾಡಿ ದುಡ್ಡು ಆಕೆ ಅಂದ ಎರಡು ವರ್ಷಕ್ಕೂ ಸಾಲಲಿಲ್ಲ. ಖಾತೆ ಖಾಲಿಯಾದ ಮೇಲೆ ಬಾಡಿಗೆ ಬಾಕಿ ಬಿತ್ತು, ಬಾಕಿ ಬಿದ್ದಾಗ ಟಿಪ್ಪರ್‌ಗಳು ನಿಂತವು. ಓಣಿಯ ಮೂಲೆಗಳಲ್ಲಿ ಕಸ ರಾಶಿ ಬಿದ್ದು, ಜನ ಅದಕ್ಕೆ ಬೆಂಕಿ ಹಚ್ಚಿದರು. ಪುರಸಭೆಯ ಸ್ವಂತ ಟ್ರ್ಯಾಕ್ಟರ್, ಟಿಪ್ಪರ್ ತೆಗೆಯೋಣವೆಂದರೆ ಶೆಡ್ಡಿನಲ್ಲಿ ನಿಂತಲ್ಲೇ ಅವುಗಳ ಬ್ಯಾಟರಿಗಳನ್ನೂ ಚಕ್ರಗಳನ್ನೂ ಯಾರೋ ಬಿಚ್ಚಿಕೊಂಡು ಹೋಗಿದ್ದರು. ಹಾಳಾದ ಗಾಡಿಗಳ ಜೊತೆ ಅವನ್ನೂ ಹರಾಜು ಹಾಕಿದರು. ಕೊನೆಗೆ ಕಸದ ಶುಲ್ಕ ಏರಿಸಿ ಬಾಡಿಗೆಯ ಬಾಕಿ ತೀರಿಸಿದರು. ಈಗ ಚುನಾಯಿತರ ಅವಧಿ ಮುಗಿದು ಆಡಳಿತಾಧಿಕಾರಿ ಇದ್ದಾರೆ. ಗುತ್ತಿಗೆ ಹಾಗೇ ಮುಂದುವರಿದಿದೆ.

ಬಸವಕುಮಾರ್ ಚೆನ್ನಾಗಿದ್ದಾನೆ. ಬರುವ ಬಾಡಿಗೆಯಲ್ಲಿ ಒಂದು ಪಾಲನ್ನು ಪ್ರತಿ ತಿಂಗಳೂ ತಪ್ಪದೆ ಬೇರೆ ಖಾತೆಗೆ ಹಾಕುತ್ತಾನೆ. ಯಾವ ಗಾಡಿ ಯಾವಾಗ ಮಾರಬೇಕು, ಯಾವಾಗ ಹೊಸದು ಕೊಳ್ಳಬೇಕು ಎಂಬುದೆಲ್ಲ ಅವನಿಗೆ ಬಾಯಿಪಾಠ. ಸಾಲವಿಲ್ಲದೆ ಹೇಗೆ ನಡೆಸುತ್ತೀರಿ ಎಂದು ಯಾರೋ ಕೇಳಿದ್ದಕ್ಕೆ, "ನಮ್ಮ ಅತ್ತಿಗಿ ಕಲಿಸಿದ್ದು" ಎಂದು ಹೆಮ್ಮೆಯಿಂದಲೇ ಹೇಳಿದನಂತೆ. ಆ ಮಾತನ್ನು ಗಂಗಾಂಬಿಕಾಳಿಗೆ ತಂದು ಮುಟ್ಟಿಸಿದವರು ಆಕೆ ಖುಷಿಪಡುತ್ತಾಳೆಂದುಕೊಂಡಿದ್ದರು.

ಕಳೆದ ಬೇಸಿಗೆಯಲ್ಲಿ ಅವನ ಟಿಪ್ಪರ್ ಒಂದು ಅವಳ ಶೆಡ್ಡಿನ ಹತ್ತಿರವೇ ಟೈರ್ ಸಿಡಿದು ನಿಂತಿತು. ಕಸ ತುಂಬುವ ಹೆಂಗಸರಿಬ್ಬರು ಹಿಂದಿನಿಂದ ಇಳಿದು ತಗಡಿನ ನೆರಳಿಗೆ ಬಂದು ಕೂತರು. ಹೊಸ ಚಾಲಕ. ಅವನಿಗೆ ಈ ಅಂಗಡಿ ಯಾರದೆಂದು ಗೊತ್ತಿರಲಿಲ್ಲ.

"ಯಾವ್ದರ ಹಳೇದು ಇದ್ರ ಹಾಕ್ರಿ. ಜಲ್ದಿ ಹೋಗ್ಬೇಕು."

"ಇವರು ಹಿಂದ ನಿಂತು ಹೋಗೋ ಗಾಡಿಗೆ ಹಳೇದು ಹಾಕಂಗಿಲ್ಲ. ಮಾಲಕಗ ಫೋನ್ ಹಚ್ಚು."

ಅವನು ಫೋನ್ ಹಚ್ಚಿ ಕೊಟ್ಟ. ಹಳೆಯ ಟೈರ್ ಹಾಕುವುದಿಲ್ಲ ಎಂದು ಆಕೆ ಹೇಳುತ್ತಲೇ ಬಸವಕುಮಾರ್ ದನಿ ಗುರುತಿಸಿದ. "ಹೊಸದ ಹಾಕ್ರಿ ಅತ್ತಿಗೆಮ್ಮ. ಖಾತಿಗೆ ಬರಕೋರಿ," ಎಂದ.

"ಖಾತಿ ಇಲ್ಲ ಇಲ್ಲಿ. ರೊಕ್ಕ ಕಳಸು. ಬಂದ ಮ್ಯಾಲ ಹಾಕ್ತೀನಿ."

ರೊಕ್ಕ ಬಂತು. ಆಕೆ ಜಾಕ್ ಹಚ್ಚಿ, ಕೂಲಿಯವನ ಜೊತೆ ತಾನೂ ಕೂತು ಚಕ್ರ ಬದಲಿಸಿದಳು. ನೆರಳಿನಲ್ಲಿದ್ದ ಹೆಂಗಸರಿಗೆ ಕೊಡದಿಂದ ನೀರು ತಂದುಕೊಟ್ಟಳು. ಅವರಲ್ಲಿ ಹಿರಿಯಳು ಅವಳ ಗುರುತು ಹಿಡಿದಳು. ನೀರು ಕುಡಿದು ಬಾಯಿ ಒರೆಸಿಕೊಂಡು ಕೇಳಿದಳು.

"ನಿಮ್ಮ ಗಾಡಿಗೆ ನೀವೇ ರೊಕ್ಕ ಇಸಗೊಂಡ್ರೇನ್ರಿ ಅಕ್ಕಾರ?"

"ನನ್ನ ಗಾಡಿ ಅಲ್ಲವ್ವ ಅದು."

"ಹೌದೇನ್ರಿ," ಎಂದಳು ಆ ಹೆಂಗಸು, ದೊಡ್ಡವರು ಹೇಳುವ ಸುಳ್ಳಿಗೆ ಹೂಂಗುಟ್ಟುವ ಹಾಗೆ, ಮತ್ತೆ ಎದ್ದು ಹೋಗಿ ಟಿಪ್ಪರ್‌ನ ಹಿಂದೆ ಹತ್ತಿದಳು. ಗಾಡಿ ಊರಿನ ಕಡೆ ತಿರುಗಿತು. ಗಂಗಾಂಬಿಕಾ ಸಿಡಿದ ಟೈರನ್ನು ಉರುಳಿಸಿಕೊಂಡು ಹೋಗಿ ಶೆಡ್ಡಿನ ಹಿಂದಿನ ರಾಶಿಗೆ ಹಾಕಿದಳು.